ಪರರ ಮನೆಯಲ್ಲಿ ಕಳೆದ ಬಾಲ್ಯ: ಯೆಹೂದ್ಯ ನಿರಾಶ್ರಿತರ ಆತ್ಮಕಥನಗಳನ್ನು ಕುರಿತು

ಆತ್ಮಚರಿತ್ರೆಯನ್ನು ಬರೆಯಹೊರಟವರಿಗೆ ಬಾಲ್ಯದ ಅಧ್ಯಾಯವೇ ಎಲ್ಲಕ್ಕಿಂತ ಸುಲಭವಾದುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಹುಟ್ಟಿದ ಮನೆ ಇನ್ನೂ ನಿಂತಿರುತ್ತದೆ; ಬಿದ್ದುಹೋಗಿದ್ದರೂ ಜಗಲಿಯ ಕಲ್ಲಾದರೂ ಉಳಿದಿರುತ್ತದೆ. ಮರೆತುದನ್ನು ಹೇಳಿಕೊಡಲು ಸೋದರತ್ತೆಯೋ ದೊಡ್ಡಪ್ಪನೋ ಇರುತ್ತಾರೆ. "ಆ ವರ್ಷ ಕೆರೆ ಕೋಡಿ ಹರಿದಿತ್ತು, ನಿನಗೆ ದಡಾರ ಎದ್ದಿತ್ತು" ಎಂದು ಅವರು ಒಂದು ಮಾತು ಎತ್ತಿದರೆ ಸಾಕು, ನೆನಪು ತಾನಾಗಿ ಬಿಚ್ಚಿಕೊಳ್ಳುತ್ತದೆ. ಅವರು ಹೇಳುವ ಭಾಷೆಯೂ ಆ ಬಾಲ್ಯ ನಡೆದ ಭಾಷೆಯೇ. ಆದುದರಿಂದ ಬರೆಯುವವರು ತಮ್ಮ ನೆನಪೊಂದನ್ನೇ ನಂಬಿಕೊಂಡು ಕುಳಿತಿರುವುದಿಲ್ಲ. ಊರಿಗೆ ಊರೇ ಅವರ ಹಿಂದೆ ಸಾಕ್ಷಿಯಾಗಿ ನಿಂತಿರುತ್ತದೆ.

ಈ ಸಾಕ್ಷಿಗಳೆಲ್ಲ ಒಂದೇ ಏಟಿಗೆ ಇಲ್ಲವಾದರೆ? ಮನೆ ಅನ್ಯರ ಪಾಲಾಗಿ, ಬಂಧುಗಳು ಹತರಾಗಿ, ಆಡುತ್ತಿದ್ದ ಮಾತೇ ನಾಲಗೆಯಿಂದ ಜಾರಿಹೋಗಿ, ಗುರುತಿಲ್ಲದ ದೇಶದಲ್ಲಿ ಬೆಳೆದು ದೊಡ್ಡದಾದ ಮಗುವೊಂದು ಮುಂದೆ "ನನ್ನ ಬಾಲ್ಯ" ಎಂದು ಬರೆಯಲು ಕುಳಿತರೆ ಅದು ಯಾವ ಬಗೆಯ ಬರಹವಾದೀತು? ಹಿಟ್ಲರನ ದೆಸೆಯಿಂದ ನೆಲೆ ತಪ್ಪಿದ ಯೆಹೂದ್ಯ ಮಕ್ಕಳಲ್ಲಿ ಹಲವರು ಮುಂದೆ ಲೇಖಕರಾಗಿ ಇಂಥ ಗ್ರಂಥಗಳನ್ನು ರಚಿಸಿದ್ದಾರೆ. ಅವುಗಳಲ್ಲಿ ಕೆಲವನ್ನು ಕಳೆದೆರಡು ವರ್ಷಗಳಲ್ಲಿ ಓದಿದ ನನಗೆ ತೋರಿದ ವಿಚಾರಗಳನ್ನು ಸಹಪಾಠಿಗಳ ಮುಂದೆಯೂ ಅಧ್ಯಾಪಕ ಮಹಾಶಯರ ಮುಂದೆಯೂ ಇಡುವುದು ಈ ಲೇಖನದ ಉದ್ದೇಶ.

ಮೊದಲು ಸ್ವಲ್ಪ ಇತಿಹಾಸ. ೧೯೩೩ರ ಜನವರಿ ೩೦ರಂದು ಹಿಟ್ಲರನು ಜರ್ಮನಿಯ ಚಾನ್ಸಲರ್ ಆದುದನ್ನು ನಾವೆಲ್ಲರೂ ಪಠ್ಯಪುಸ್ತಕದಲ್ಲಿ ಓದಿದ್ದೇವೆ. ೧೯೩೮ರ ಮಾರ್ಚ್ ತಿಂಗಳಲ್ಲಿ ಆಸ್ಟ್ರಿಯಾ ಅವನ ವಶವಾಯಿತು. ಅದೇ ವರ್ಷ ನವೆಂಬರ್ ೯ ಮತ್ತು ೧೦ರಂದು ಯೆಹೂದ್ಯರ ಪ್ರಾರ್ಥನಾ ಮಂದಿರಗಳಿಗೆ ಬೆಂಕಿಯಿಟ್ಟರು, ಅಂಗಡಿಗಳ ಗಾಜುಗಳನ್ನು ಪುಡಿಮಾಡಿದರು, ಸಾವಿರಾರು ಮಂದಿ ಗಂಡಸರನ್ನು ಹಿಡಿದು ಸೆರೆಶಿಬಿರಗಳಿಗೆ ಅಟ್ಟಿದರು. ಇದಾದ ಕೆಲವೇ ದಿನಗಳಲ್ಲಿ ಬ್ರಿಟಿಷ್ ಸರ್ಕಾರವು ಹದಿನೇಳು ವರ್ಷದೊಳಗಿನ ಮಕ್ಕಳಿಗೆ ತನ್ನ ದೇಶದಲ್ಲಿ ತಾತ್ಕಾಲಿಕ ಆಶ್ರಯ ಕೊಡಲು ಒಪ್ಪಿತು. ಮಕ್ಕಳಿಗೆ ಮಾತ್ರ, ತಂದೆತಾಯಿಗಳು ಜೊತೆಯಲ್ಲಿ ಬರುವಂತಿರಲಿಲ್ಲ. ಮಕ್ಕಳ ಭಾರ ಸರ್ಕಾರದ ಬೊಕ್ಕಸದ ಮೇಲೆ ಬೀಳಕೂಡದೆಂಬ ಷರತ್ತೂ ಇದ್ದಿತು. ಮುಂದೆ ಒಂದೊಂದು ಮಗುವಿಗೂ ಐವತ್ತು ಪೌಂಡುಗಳ ಜಾಮೀನನ್ನು ಕೇಳಲಾಯಿತು. ಬರ್ಲಿನಿನಿಂದ ಹೊರಟ ಇನ್ನೂರರಷ್ಟು ಮಕ್ಕಳ ಮೊದಲ ತಂಡ ೧೯೩೮ರ ಡಿಸೆಂಬರ್ ೨ರಂದು ಹಾರ್ವಿಚ್ ಬಂದರಿನಲ್ಲಿ ಇಳಿಯಿತು. ೧೯೩೯ರ ಸೆಪ್ಟೆಂಬರಿನಲ್ಲಿ ಯುದ್ಧ ಆರಂಭವಾಗಿ ಹಾದಿ ಮುಚ್ಚುವುದರೊಳಗೆ ಸುಮಾರು ಹತ್ತು ಸಾವಿರ ಮಕ್ಕಳು ಹೀಗೆ ಬಂದಿದ್ದರು. ಇದಕ್ಕೆ ಕಿಂಡರ್‌ಟ್ರಾನ್ಸ್‌ಪೋರ್ಟ್ ಎಂದು ಹೆಸರು. ಎಂದರೆ ಮಕ್ಕಳ ಸಾಗಣೆ. ರೈಲ್ವೆ ನಿಲ್ದಾಣದಲ್ಲಿ ಬಿಟ್ಟು ಬಂದ ತಂದೆತಾಯಿಗಳನ್ನು ಅವರಲ್ಲಿ ಎಷ್ಟೋ ಮಂದಿ ಮತ್ತೆ ಕಾಣಲಿಲ್ಲ.

ದೊಡ್ಡವರೂ ದೇಶ ಬಿಟ್ಟು ಹೋದರು, ನಿಜ. ಬರ್ಲಿನಿನಲ್ಲಿ ಹುಟ್ಟಿದ ವಾಸ್ತುಶಿಲ್ಪಿ ಓಟೋ ಕೋನಿಗ್ಸ್‌ಬರ್ಗರ್ ಎಂಬುವರು ನಾಜಿಗಳ ಕಾಟದಿಂದ ತಪ್ಪಿಸಿಕೊಂಡು, ಈಜಿಪ್ಟಿನಲ್ಲಿ ಕೆಲಕಾಲವಿದ್ದು, ೧೯೩೯ರಲ್ಲಿ ನಮ್ಮ ಮೈಸೂರು ಸಂಸ್ಥಾನಕ್ಕೇ ಬಂದು ಮುಖ್ಯ ವಾಸ್ತುಶಿಲ್ಪಿಯಾಗಿ ದುಡಿದರು. ಆದರೆ ಅಂಥವರ ಕೈಯಲ್ಲಿ ಒಂದು ವಿದ್ಯೆ ಇದ್ದಿತು; ಹೋದ ಊರಿನಲ್ಲಿ "ನಾನು ಇಂಥವನು" ಎಂದು ಹೇಳಿಕೊಳ್ಳಬಹುದಾಗಿತ್ತು. ಹತ್ತು ವರ್ಷದ ಮಗುವಿಗೆ ತಾನು ಯಾರೆಂಬುದು ಇನ್ನೂ ಗೊತ್ತಾಗಿರುವುದಿಲ್ಲ. ಅದು ಗೊತ್ತಾಗುವುದಕ್ಕೆ ಮುಂಚೆಯೇ ಮನೆ ತಪ್ಪುತ್ತದೆ. ಆ ಮಕ್ಕಳ ಬರಹಗಳು ದೊಡ್ಡವರ ನೆನಪುಗಳಿಂದ ಬೇರೆಯಾಗುವುದು ಇಲ್ಲಿಯೇ.

ನಾನು ಓದಿದವುಗಳಲ್ಲಿ ಮೊದಲ ಸ್ಥಾನಕ್ಕೆ ತಕ್ಕುದೆಂದು ನನಗೆ ತೋರುವುದು ಲೋರೆ ಸೀಗಲ್ ಅವರ ‘ಅದರ್ ಪೀಪಲ್ಸ್ ಹೌಸಸ್’. ಹೆಸರಿನ ಅರ್ಥ ಬೇರೆಯವರ ಮನೆಗಳು. ಮೊದಲು ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಕಂತುಕಂತಾಗಿ ಬಂದ ಈ ಬರಹ ೧೯೬೪ರಲ್ಲಿ ಪುಸ್ತಕವಾಯಿತು. ಲೋರೆ ಹುಟ್ಟಿದುದು ೧೯೨೮ರಲ್ಲಿ, ವಿಯೆನ್ನಾ ನಗರದಲ್ಲಿ. ತಂದೆ ಬ್ಯಾಂಕಿನಲ್ಲಿ ಮುಖ್ಯ ಲೆಕ್ಕಿಗರು. ತಾಯಿ ಪಿಯಾನೋ ಕಲಿತ ಗೃಹಿಣಿ. ೧೯೩೮ರ ಡಿಸೆಂಬರಿನಲ್ಲಿ, ತನ್ನ ಹತ್ತನೆಯ ವಯಸ್ಸಿನಲ್ಲಿ, ಕೊರಳಿಗೆ ಸಂಖ್ಯೆಯ ಚೀಟಿ ಕಟ್ಟಿಸಿಕೊಂಡು ಅವಳು ಮಕ್ಕಳ ರೈಲನ್ನು ಹತ್ತಿದಳು.

ಹೊರಡುವ ಮುನ್ನ ತಂದೆ ಅವಳಿಗೆ ಒಂದು ಕೆಲಸ ಒಪ್ಪಿಸಿದರು: ಇಂಗ್ಲೆಂಡಿನಲ್ಲಿ ಯಾರೇ ಎದುರಾಗಲಿ, ನಮ್ಮನ್ನೂ ಅಲ್ಲಿಗೆ ಕರೆಸಿಕೊಳ್ಳುವಂತೆ ಕೇಳಬೇಕು. ಅಪ್ಪ ಅಮ್ಮನ ಜೊತೆಗೆ ಅಜ್ಜ ಅಜ್ಜಿ ಸೇರಿದರು. ಆಮೇಲೆ ಇನ್ನಷ್ಟು ನಂಟರ ಹೆಸರುಗಳು ಸೇರಿದವು. ಹೀಗೆ ಉಳಿಸಬೇಕಾದವರ ಒಂದು ಪಟ್ಟಿಯನ್ನೇ ಹೊತ್ತುಕೊಂಡು ಆ ಮಗು ಹೊರಟಿತು.

ಪಟ್ಟಿಯ ಜೊತೆಗೆ ಅವಳ ಚೀಲದಲ್ಲಿ ಇನ್ನೊಂದು ವಸ್ತುವಿತ್ತು. ದಾರಿಗೆ ಏನು ಬೇಕೆಂದು ತಾಯಿ ಕೇಳಿದಾಗ ಅವಳು ಒಂದು ಬಗೆಯ ಮಾಂಸದ ಸಾಸೇಜನ್ನು ಬೇಡಿದ್ದಳು. ತಾಯಿ ಆತುರಾತುರವಾಗಿ ಹೋಗಿ ತಂದಿದ್ದರು. ರೈಲಿನಲ್ಲಿ ಅವಳಿಗೆ ಅದನ್ನು ತಿನ್ನಲಾಗಲಿಲ್ಲ. ಹಾರ್ವಿಚ್ಚಿನ ಬಳಿಯ ಡವರ್‌ಕೋರ್ಟ್ ಶಿಬಿರವನ್ನು ಸೇರಿದ ಮೇಲೆ ಅದು ಕೆಟ್ಟು ನಾರತೊಡಗಿತು. ತಾಯಿ ಕೊಟ್ಟದ್ದು, ಎಸೆಯುವಂತಿಲ್ಲ; ಕೊಳೆತುಹೋಗಿದೆ, ತಿನ್ನುವಂತಿಲ್ಲ. ಯಾರಿಗೆ ವಾಸನೆ ಬಡಿಯುವುದೋ ಎಂದು ಹೆದರುತ್ತ ಅವಳು ಅದನ್ನು ಬಚ್ಚಿಟ್ಟುಕೊಂಡು ತಿರುಗುತ್ತಾಳೆ. ನಿರಾಶ್ರಿತರ ದುಃಖವನ್ನು ಕುರಿತು ನಾನು ಎಷ್ಟೋ ಭಾರವಾದ ಮಾತುಗಳನ್ನು ಓದಿದ್ದೇನೆ. ಈ ಸಾಸೇಜಿನ ನಾಲ್ಕು ಪುಟಗಳ ಮುಂದೆ ಅವು ಯಾವುವೂ ನಿಲ್ಲಲಾರವು. ಇಲ್ಲಿ ಕಣ್ಣೀರೇ ಇಲ್ಲ. ಮಗುವಿಗೆ ಆ ಹೊತ್ತಿನಲ್ಲಿ ದೇಶ ಹೋದುದರ ಚಿಂತೆಯಿಲ್ಲ, ಮಾನ ಹೋಗುವುದೆಂಬ ಚಿಂತೆ.

ಶಿಬಿರವೆಂದರೆ ಬೇಸಗೆಯಲ್ಲಿ ಜನ ವಿಹಾರಕ್ಕೆ ಬಂದು ಇಳಿದುಕೊಳ್ಳುವ ತೆಳು ಗೋಡೆಯ ಮನೆಗಳ ಸಾಲು. ಆ ವರ್ಷ ಚಳಿ ಕಡಿದಾಗಿತ್ತು. ಹೊರಗೆ ಹಿಮದ ನಡುವೆ ಒಂದು ಗುಲಾಬಿ ಉಳಿದುಕೊಂಡಿದ್ದುದು ಲೋರೆಯ ಕಣ್ಣಿಗೆ ಬಿತ್ತು. ಅವಳು ಪತ್ರ ಬರೆಯಲು ಕುಳಿತಳು. ವಿಯೆನ್ನಾದಲ್ಲಿ ಉಳಿದ ಯೆಹೂದ್ಯರು ಹಿಮಕ್ಕೆ ಸಿಕ್ಕ ಗುಲಾಬಿಯಂತೆ ಎಂದು ಬರೆದಳು. ಬರೆಯುವಾಗಲೇ ಈ ಮಾತು ಓದುವವರ ಮನಸ್ಸನ್ನು ಕರಗಿಸುವುದೆಂಬುದು ಅವಳಿಗೆ ಗೊತ್ತಿತ್ತು. ಆ ಪತ್ರ ಕೈಯಿಂದ ಕೈಗೆ ಹೋಗಿ ನಿರಾಶ್ರಿತರಿಗೆ ನೆರವಾಗುವ ಸಮಿತಿಯೊಂದನ್ನು ಸೇರಿತು. ತಂದೆತಾಯಿಗಳಿಗೆ ಮನೆಗೆಲಸದವರಾಗಿ ಇಂಗ್ಲೆಂಡಿಗೆ ಬರುವ ಪರವಾನಗಿ ದೊರೆಯಿತು. ೧೯೩೯ರ ಮಾರ್ಚಿಯಲ್ಲಿ, ಲೋರೆಯ ಹನ್ನೊಂದನೆಯ ಹುಟ್ಟುಹಬ್ಬದ ದಿನವೇ ಅವರು ಬಂದಿಳಿದರು. ಬ್ಯಾಂಕಿನ ಲೆಕ್ಕಿಗರು ಶ್ರೀಮಂತರ ಮನೆಯ ಬಟ್ಲರ್ ಆದರು, ಪಿಯಾನೋ ನುಡಿಸುತ್ತಿದ್ದ ತಾಯಿ ಅಡುಗೆಯವರಾದರು. ಕೆಲಸದವರ ಕೋಣೆಯಲ್ಲಿ ಮಗಳಿಗೆ ಎಡೆಯಿಲ್ಲ. ಅವಳು ಲಿವರ್‌ಪೂಲಿನ ಪೀಠೋಪಕರಣ ತಯಾರಕರ ಮನೆ, ರೈಲ್ವೆಯಲ್ಲಿ ಕಲ್ಲಿದ್ದಲು ಹಾಕುವವನ ಮನೆ, ಹಾಲಿನವನ ಮನೆ, ವಯಸ್ಸಾದ ಇಬ್ಬರು ಮಹಿಳೆಯರ ಮನೆ, ಹೀಗೆ ಪರರ ಮನೆಗಳಲ್ಲಿಯೇ ಬೆಳೆದಳು. ಒಂದೊಂದು ಮನೆಯಲ್ಲಿಯೂ ಉಣ್ಣುವ ರೀತಿ ಬೇರೆ, ಮಾತಿನ ಧಾಟಿ ಬೇರೆ. ಒಂದು ಮನೆಯಲ್ಲಿ ಕಲಿತ ಇಂಗ್ಲಿಷನ್ನು ಇನ್ನೊಂದು ಮನೆಯಲ್ಲಿ ತಿದ್ದುವರು.

ಹಳ್ಳಿಯ ಕಡೆಯಿಂದ ಬಂದ ನಮ್ಮಲ್ಲಿ ಹಲವರಿಗೆ ಆ ಪತ್ರದ ಸಂಗತಿ ಅಷ್ಟೇನೂ ದೂರದ್ದಲ್ಲ. ನಾಲ್ಕು ಅಕ್ಷರ ಬಲ್ಲ ಮಗುವಿನ ಕೈಯಲ್ಲಿ ತಾಲ್ಲೂಕು ಕಚೇರಿಗೆ ಅರ್ಜಿ ಬರೆಸುವ ವಾಡಿಕೆ ನಮ್ಮ ಮನೆಗಳಲ್ಲಿಯೂ ಉಂಟು. "ತಮ್ಮ ಪಾದವೇ ಗತಿ ಎಂದು ಬರಿ" ಎಂದು ಹಿರಿಯರು ಹೇಳಿಕೊಡುತ್ತಾರೆ, ಮಗು ಬರೆಯುತ್ತದೆ. ಇರುವ ಕಷ್ಟವನ್ನು ಕಾಗದದ ಮೇಲೆ ಸ್ವಲ್ಪ ಅಲಂಕರಿಸದೆ ಹೋದರೆ ಕಚೇರಿ ಕಿವಿಗೊಡುವುದಿಲ್ಲ ಎಂಬುದನ್ನು ಅಂಥ ಮಗು ಬೇಗ ಕಲಿಯುತ್ತದೆ. ಲೋರೆಯ ಪತ್ರಕ್ಕೂ ನಮ್ಮ ಅರ್ಜಿಗೂ ವ್ಯತ್ಯಾಸವಿಷ್ಟೆ: ಅವಳ ಅರ್ಜಿ ಸೋತರೆ ಸಾವು. ಅವಳ ಪಟ್ಟಿಯಲ್ಲಿದ್ದ ಎಲ್ಲರೂ ಉಳಿಯಲಿಲ್ಲ.

ದೊಡ್ಡವರಾದ ಸೀಗಲ್ ಅವರು ಈ ಪತ್ರವನ್ನು ಕುರಿತು ಬರೆಯುವಾಗ ತಮ್ಮನ್ನು ತಾವು ಹೊಗಳಿಕೊಳ್ಳುವುದಿಲ್ಲ. ಹತ್ತು ವರ್ಷದ ಹುಡುಗಿ ತಂದೆತಾಯಿಗಳನ್ನು ಉಳಿಸಿದ ಸಾಹಸವೆಂದು ಕಣ್ಣೀರು ತರಿಸಬಹುದಾಗಿತ್ತು. ಅವರು ತೋರಿಸುವುದು ಆ ಹುಡುಗಿಯ ಜಾಣತನವನ್ನು, ಅವಳ ಒಳಗಿನ ತಣ್ಣಗಿನ ಒಂದು ಮೂಲೆಯನ್ನು. ಆಶ್ರಯ ಕೊಟ್ಟವರ ಮೇಲೆ ಅವಳಿಗೆ ಕೃತಜ್ಞತೆಯ ಜೊತೆಗೆ ಸಿಟ್ಟೂ ಇದೆ. ತಂದೆಯನ್ನು ೧೯೪೦ರಲ್ಲಿ ಶತ್ರುದೇಶದವರೆಂದು ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಬಂಧಿಸಿಟ್ಟರು. ಮುಂದೆ ಅವರು ಪಾರ್ಶ್ವವಾಯುವಿಗೆ ತುತ್ತಾಗಿ, ಯುದ್ಧ ಮುಗಿಯಲು ಕೆಲವೇ ದಿನಗಳಿರುವಾಗ ತೀರಿಕೊಂಡರು. ರೋಗಿಯಾದ ತಂದೆಯ ಬಗ್ಗೆ ತನಗೆ ಬರಬೇಕಾದಷ್ಟು ಪ್ರೀತಿ ಬರಲಿಲ್ಲವೆಂಬುದನ್ನೂ ಲೇಖಕಿ ಮುಚ್ಚಿಡುವುದಿಲ್ಲ. ಈ ಗ್ರಂಥವು ಮುಂದಿನ ಮುದ್ರಣಗಳಲ್ಲಿ ‘ಕಾದಂಬರಿ’ ಎಂಬ ಹೆಸರನ್ನು ಹೊತ್ತು ಬಂದಿದೆ. ಕಥಾವಸ್ತುವಂತೂ ಅವರ ಬಾಳೇ.

ವಾಚಕರು ಗಮನಿಸಿರಬಹುದು: ರೈಲು ಹತ್ತಿದ ಲೋರೆಯನ್ನು ನಾನು ‘ಅವಳು’ ಎಂದೆ, ಪುಸ್ತಕ ಬರೆದ ಸೀಗಲರನ್ನು ‘ಅವರು’ ಎಂದೆ. ಕನ್ನಡದಲ್ಲಿ ಬರೆಯುವವರಿಗೆ ಬೇರೆ ದಾರಿಯಿಲ್ಲ. ಹತ್ತು ವರ್ಷದ ಹುಡುಗಿಯನ್ನು ಬಹುವಚನದಿಂದ ಕರೆದರೆ ನಗೆಗೀಡು, ೨೦೨೪ರಲ್ಲಿ ತೊಂಬತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡ ಹಿರಿಯ ಲೇಖಕಿಯನ್ನು ಏಕವಚನದಿಂದ ಕರೆದರೆ ಅವಿನಯ. ಇಂಗ್ಲಿಷಿನಲ್ಲಿ ಇಬ್ಬರಿಗೂ ಒಂದೇ ಸರ್ವನಾಮ. ಆದರೆ ಆತ್ಮಕಥನ ಬರೆಯುವವರು ಯಾವ ಭಾಷೆಯವರಾದರೂ ಈ ಅವಳನ್ನೂ ಅವರನ್ನೂ ಸೇರಿಸಿ ‘ನಾನು’ ಎಂಬ ಒಂದೇ ಮಾತಿನೊಳಗೆ ಕೂಡಿಸಬೇಕಾಗುತ್ತದೆ. ಅವಳಿಗೆ ಮುಂದೇನಾಗುವುದೆಂಬುದು ಗೊತ್ತಿಲ್ಲ. ಅವರಿಗೆ ಎಲ್ಲವೂ ಗೊತ್ತು. ಅವಳು ಜರ್ಮನ್ ಭಾಷೆಯಲ್ಲಿ ನಡುಗಿದಳು. ಅವರು ಅದನ್ನು ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಈ ಇಬ್ಬರ ನಡುವಣ ಅಂತರವನ್ನು ಲೇಖಕರು ಹೇಗೆ ಕಾಯ್ದುಕೊಳ್ಳುತ್ತಾರೆ ಎಂಬುದರ ಮೇಲೆಯೇ ಇಂಥ ಗ್ರಂಥದ ಸತ್ಯಾಸತ್ಯವೆಲ್ಲ ನಿಂತಿದೆಯೆಂದು ನನ್ನ ಎಣಿಕೆ. ಉಳಿದ ಗ್ರಂಥಗಳನ್ನು ಈ ದೃಷ್ಟಿಯಿಂದಲೇ ನೋಡಬಹುದು.

ಜೂಡಿತ್ ಕೆರ್ ಅವರು ‘ನಾನು’ ಎಂಬ ಮಾತನ್ನೇ ಬಿಟ್ಟುಬಿಟ್ಟರು. ಬರ್ಲಿನಿನ ಪ್ರಸಿದ್ಧ ನಾಟಕ ವಿಮರ್ಶಕ ಆಲ್ಫ್ರೆಡ್ ಕೆರ್ ಅವರ ಮಗಳಾದ ಈಕೆ ಹುಟ್ಟಿದುದು ೧೯೨೩ರಲ್ಲಿ. ನಾಜಿಗಳನ್ನು ಬಹಿರಂಗವಾಗಿ ಟೀಕಿಸಿದ್ದ ತಂದೆಗೆ ಅಪಾಯದ ಸುಳಿವು ಸಿಕ್ಕಿ, ೧೯೩೩ರ ಮಾರ್ಚಿಯಲ್ಲಿ ಕುಟುಂಬವೆಲ್ಲ ಸ್ವಿಟ್ಜರ್ಲೆಂಡಿಗೆ ಓಡಿತು. ಅಲ್ಲಿಂದ ಪ್ಯಾರಿಸ್, ೧೯೩೬ರಲ್ಲಿ ಲಂಡನ್. ೧೯೭೧ರಲ್ಲಿ ಪ್ರಕಟವಾದ ‘ವೆನ್ ಹಿಟ್ಲರ್ ಸ್ಟೋಲ್ ಪಿಂಕ್ ರ‍್ಯಾಬಿಟ್’ ಎಂಬ ಅವರ ಮಕ್ಕಳ ಕಾದಂಬರಿಯಲ್ಲಿ ಕಥಾನಾಯಕಿಯ ಹೆಸರು ಅನ್ನಾ. ಹೊರಡುವಾಗ ಒಂದೇ ಆಟಿಕೆ ಎಂದಾಗ ಅನ್ನಾ ಹೊಸ ನಾಯಿಮರಿಯನ್ನು ಆರಿಸಿಕೊಂಡು ಹಳೆಯ ಗುಲಾಬಿ ಬಣ್ಣದ ಮೊಲವನ್ನು ಬಿಟ್ಟು ಬರುತ್ತಾಳೆ. ಇಡೀ ಪುಸ್ತಕದಲ್ಲಿ ಅವಳು ಕಂಡುದಕ್ಕಿಂತ ಹೆಚ್ಚಿನದನ್ನು ಲೇಖಕಿ ಹೇಳುವುದಿಲ್ಲ. ಮಹಾಪುರುಷರೆಲ್ಲರ ಬಾಲ್ಯವೂ ಕಷ್ಟದ್ದಾಗಿತ್ತೆಂದು ಒಂದು ಪುಸ್ತಕದಲ್ಲಿ ಓದಿದ ಅನ್ನಾಳಿಗೆ, ತನ್ನ ಬಾಲ್ಯ ಅಷ್ಟು ಕಷ್ಟದ್ದಾಗಿದೆಯೇ ಎಂಬ ಸಂಶಯ ಬರುತ್ತದೆ. ಅಪ್ಪ ಅಮ್ಮ ಅಣ್ಣ ಎಲ್ಲರೂ ಜೊತೆಗಿದ್ದಾರೆ, ಹೊಸ ಹೊಸ ಊರುಗಳನ್ನು ನೋಡಿದ್ದಾಗಿದೆ, ಇದನ್ನು ಕಷ್ಟವೆನ್ನಲಾದೀತೇ ಎಂದು ಅವಳ ಯೋಚನೆ. ಓದುವ ನಮಗೆ ಮೈ ಜುಮ್ಮೆನ್ನುವುದು ಇಲ್ಲಿಯೇ. ಮಗುವಿಗೆ ಕಷ್ಟ ತಟ್ಟದಂತೆ ತಂದೆತಾಯಿಗಳು ಎಷ್ಟು ಸಹಿಸಿರಬೇಕೆಂಬುದನ್ನು ಪುಸ್ತಕ ಹೇಳದೆ ಬಿಟ್ಟು, ನಮ್ಮ ಊಹೆಗೆ ಒಪ್ಪಿಸಿದೆ.

ಈವಾ ಹಾಫ್‌ಮನ್ ಅವರ ದಾರಿ ಮತ್ತೊಂದು. ಅವರು ಹುಟ್ಟಿದುದು ಯುದ್ಧ ಮುಗಿದ ವರ್ಷ, ೧೯೪೫ರಲ್ಲಿ, ಪೋಲೆಂಡಿನ ಕ್ರಾಕೋವ್ ನಗರದಲ್ಲಿ. ತಂದೆತಾಯಿಗಳು ಯುದ್ಧಕಾಲದಲ್ಲಿ ಅಡಗಿಕೊಂಡು ಬದುಕಿ ಉಳಿದಿದ್ದವರು. ೧೯೫೯ರಲ್ಲಿ, ಈವಾಗೆ ಹದಿಮೂರು ವರ್ಷವಾಗಿದ್ದಾಗ, ‘ಬಾತೋರಿ’ ಎಂಬ ಹಡಗನ್ನು ಹತ್ತಿ ಕುಟುಂಬ ಕೆನಡಾ ದೇಶಕ್ಕೆ ಹೊರಟಿತು. ಹಾಗಾಗಿ ಇವರನ್ನು ನಿರಾಶ್ರಿತರೆನ್ನುವುದಕ್ಕಿಂತ ವಲಸೆಗಾರರೆನ್ನುವುದು ಸರಿಯಾದೀತು. ಬೆನ್ನಟ್ಟಿ ಬರುವ ಸೈನಿಕರು ಇಲ್ಲಿಲ್ಲ. ಆದರೂ ವ್ಯಾಂಕೂವರಿನ ಶಾಲೆಯ ಮೊದಲನೆಯ ದಿನವೇ ಎವಾ ಎಂಬುದು ಈವಾ ಆಯಿತು, ತಂಗಿ ಅಲೀನಾ ಎಲೇನ್ ಆದಳು. ಹೇಳಿದವರು ಅನುಕೂಲಕ್ಕಾಗಿ ಹೇಳಿದರು, ದ್ವೇಷದಿಂದಲ್ಲ. ತಮ್ಮ ಹೆಸರನ್ನು ತಾವೇ ಉಚ್ಚರಿಸಲಾರದ ಸ್ಥಿತಿಗೆ ಬಂದು ಅಕ್ಕತಂಗಿಯರು ಬೆಂಚಿನ ಮೇಲೆ ಹೋಗಿ ಕುಳಿತರು.

೧೯೮೯ರಲ್ಲಿ ಬಂದ ಅವರ ‘ಲಾಸ್ಟ್ ಇನ್ ಟ್ರಾನ್ಸ್‌ಲೇಷನ್’ ಗ್ರಂಥದಲ್ಲಿ ಸ್ವರ್ಗ, ದೇಶಭ್ರಷ್ಟತೆ, ಹೊಸ ಲೋಕ ಎಂಬ ಮೂರು ಭಾಗಗಳಿವೆ. ನಡುವಣ ಭಾಗವೇ ಗ್ರಂಥದ ಜೀವಾಳ. ಹೊಸ ಭಾಷೆಯ ಶಬ್ದಗಳು ಹಳೆಯವುಗಳಂತೆ ವಸ್ತುಗಳಿಗೆ ಅಂಟಿಕೊಳ್ಳಲೊಲ್ಲವು ಎಂಬುದನ್ನು ಹೇಳಲು ಅವರು ನದಿಯ ಉದಾಹರಣೆ ಕೊಡುತ್ತಾರೆ: ಪೋಲಿಷ್ ಭಾಷೆಯಲ್ಲಿ ಆ ಶಬ್ದವನ್ನು ನುಡಿದರೆ ತಾನು ಮಿಂದ ನದಿಯೇ ಎದುರಿಗೆ ಬರುತ್ತಿತ್ತು, ಇಂಗ್ಲಿಷಿನ ಶಬ್ದದಲ್ಲಿ ಏನೂ ಇರಲಿಲ್ಲ. ಇದನ್ನು ಓದಿದಾಗ ನಾನು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನಿದ್ದೆ. ‘ಹೊಳೆ’ ಎಂದರೆ ನನಗೆ ಬಟ್ಟೆ ಒಗೆಯುವ ಕಲ್ಲು, ಕಾಲಿಗೆ ಕಚ್ಚುವ ಮೀನು, ಮಳೆಗಾಲದಲ್ಲಿ ಅವ್ವನ ಗದರಿಕೆ. ‘ನದಿ’ ಎಂದರೆ ಪದ್ಯ. ‘ರಿವರ್’ ಎಂದರೆ ಭೂಪಟದ ಮೇಲಿನ ನೀಲಿ ಗೆರೆ, ಪರೀಕ್ಷೆಗೆ ಎರಡು ಅಂಕ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವಳು. ಮನೆಯಲ್ಲಿ ಆಡುವ ಮಾತು ಒಂದು, ಈ ಲೇಖನವನ್ನು ಬರೆಯುತ್ತಿರುವ ಮಾತು ಇನ್ನೊಂದು. ಇದನ್ನು ಅವ್ವನ ಮುಂದೆ ಓದಿದರೆ ಹರಿಕಥೆ ದಾಸರ ಎದುರಿಗೆ ಕುಳಿತಂತೆ ಭಕ್ತಿಯಿಂದ ಕೇಳಿಯಾಳು, ಅಷ್ಟೆ. ಹಾಗೆಂದು ನನ್ನ ಸ್ಥಿತಿಯನ್ನು ಅವರ ಸ್ಥಿತಿಗೆ ಹೋಲಿಸಿಕೊಳ್ಳುವುದು ಸಲ್ಲದು. ಶನಿವಾರ ಸಂಜೆಯ ಬಸ್ಸು ಹಿಡಿದರೆ ನನ್ನ ಹೊಳೆ ಇದ್ದಲ್ಲಿಯೇ ಇರುತ್ತದೆ.

ಹಾಫ್‌ಮನ್ ಅವರ ಪುಸ್ತಕದಲ್ಲಿ ದಿನಚರಿಯ ಪ್ರಸಂಗವೊಂದಿದೆ. ಹುಡುಗಿಗೆ ಯಾರೋ ಒಂದು ದಿನಚರಿ ಪುಸ್ತಕವನ್ನು ಉಡುಗೊರೆ ಕೊಡುತ್ತಾರೆ. ಯಾವ ಭಾಷೆಯಲ್ಲಿ ಬರೆಯಬೇಕು? ಪೋಲಿಷ್ ಭಾಷೆ ಹಿಂದೆ ಬಿಟ್ಟು ಬಂದ ಲೋಕದ್ದು, ನಿನ್ನೆ ಮೊನ್ನೆಯ ಸಂಗತಿಗಳಿಗೆ ಅದರಲ್ಲಿ ಮಾತಿಲ್ಲ. ಇಂಗ್ಲಿಷ್ ಶಾಲೆಯದು, ಮನಸ್ಸಿನ ಗುಟ್ಟನ್ನು ಅದಕ್ಕೆ ಹೇಳುವುದು ಹೇಗೆ? ಕಡೆಗೆ ಇಂಗ್ಲಿಷನ್ನೇ ಆರಿಸಿಕೊಳ್ಳುತ್ತಾಳೆ. ಆದರೆ ಬರೆಯತೊಡಗಿದಾಗ ಆ ಭಾಷೆಯಲ್ಲಿ ‘ನಾನು’ ಎಂದು ಬರೆಯಲು ಲೇಖನಿ ಮೇಲೇಳುವುದಿಲ್ಲ. ತನ್ನ ಸ್ವಂತ ದಿನಚರಿಯಲ್ಲಿ ತನ್ನನ್ನು ‘ನೀನು’ ಎಂದೇ ಕರೆದುಕೊಂಡು ಬರೆಯುತ್ತಾಳೆ. ವಲಸೆ ಬಂದವರ ಅಸ್ಮಿತೆಯ ಪ್ರಶ್ನೆಯೆಂದು ದೊಡ್ಡ ದೊಡ್ಡ ಗ್ರಂಥಗಳಲ್ಲಿ ಚರ್ಚಿಸುವ ವಿಷಯವೆಲ್ಲ ಈ ಒಂದು ಸರ್ವನಾಮದಲ್ಲಿ ಅಡಗಿದೆ. ಇದಕ್ಕೆ ಬಹಳ ಹಿಂದೆ, ೧೯೧೨ರಲ್ಲಿ, ರಷ್ಯದಿಂದ ಬಾಸ್ಟನ್ನಿಗೆ ಬಂದ ಮೇರಿ ಆಂಟಿನ್ ಎಂಬ ಯೆಹೂದ್ಯ ಮಹಿಳೆ ತಾನು ಹೊಸ ಮನುಷ್ಯಳೇ ಆಗಿಬಿಟ್ಟೆನೆಂದು ಸಂಭ್ರಮದಿಂದ ಆತ್ಮಚರಿತ್ರೆ ಬರೆದಿದ್ದರು. ಹಾಫ್‌ಮನ್ ಅವರು ಆ ಗ್ರಂಥವನ್ನು ಪ್ರೀತಿಯಿಂದಲೇ ನೆನೆಯುತ್ತಾರೆ. ಅಂಥ ಧೈರ್ಯ ಮಾತ್ರ ಅವರಿಗೆ ಬರುವುದಿಲ್ಲ.

ಇನ್ನು, ನೆನಪೇ ಇಲ್ಲದವರು ಏನು ಮಾಡಬೇಕು? ಫ್ರೆಂಚ್ ಲೇಖಕ ಜಾರ್ಜ್ ಪೆರೆಕ್ ಹುಟ್ಟಿದುದು ೧೯೩೬ರಲ್ಲಿ, ಪೋಲೆಂಡಿನಿಂದ ಪ್ಯಾರಿಸಿಗೆ ವಲಸೆ ಬಂದ ಯೆಹೂದ್ಯ ದಂಪತಿಗಳಿಗೆ. ತಂದೆ ೧೯೪೦ರಲ್ಲಿ ಫ್ರಾನ್ಸಿನ ಸೈನಿಕರಾಗಿ ಮಡಿದರು. ತಾಯಿಯನ್ನು ೧೯೪೩ರಲ್ಲಿ ಆಷ್‌ವಿಟ್ಸ್ ಕೊಲೆಶಿಬಿರಕ್ಕೆ ಸಾಗಿಸಿದರು. ಅದಕ್ಕೂ ಮೊದಲು ತಾಯಿ ಮಗನನ್ನು ರೈಲು ಹತ್ತಿಸಿ ಬೆಟ್ಟದ ಸೀಮೆಗೆ ಕಳುಹಿಸಿದ್ದರು. ೧೯೭೫ರಲ್ಲಿ ಪ್ರಕಟವಾದ ಅವರ ಬಾಲ್ಯದ ನೆನಪಿನ ಗ್ರಂಥವು, ತನಗೆ ಬಾಲ್ಯದ ನೆನಪುಗಳಿಲ್ಲ ಎಂಬ ಮಾತಿನಿಂದಲೇ ಹೊರಡುತ್ತದೆ. ಆ ಬೀಳ್ಕೊಡುಗೆಯ ದಿನ ತನ್ನ ತೋಳನ್ನು ಬಟ್ಟೆಯ ಜೋಲಿಯಲ್ಲಿ ಕಟ್ಟಿದ್ದರೆಂದು, ಗಾಯಾಳುವೆಂದು ತೋರಿಸಿ ರೆಡ್‌ಕ್ರಾಸ್ ತಂಡದೊಡನೆ ಕಳುಹಿಸುವುದಕ್ಕಾಗಿ ಹಾಗೆ ಮಾಡಿದ್ದರೆಂದು ಅವರು ನಂಬಿದ್ದರು. ಅತ್ತೆಯನ್ನು ಕೇಳಿದರೆ ಜೋಲಿಯೂ ಇಲ್ಲ, ಗಾಯವೂ ಇಲ್ಲ. ಯುದ್ಧದಲ್ಲಿ ಮಡಿದವರ ಮಗನೆಂದು ರೆಡ್‌ಕ್ರಾಸಿನವರು ಕರೆದೊಯ್ದರು, ಅಷ್ಟೆ. ತಾಯಿ ಅಂದು ಕೊಡಿಸಿದ ಚಾರ್ಲಿ ಚಾಪ್ಲಿನನ ಚಿತ್ರಪುಸ್ತಕದ ಹೊದಿಕೆಯಲ್ಲಿ ಚಾರ್ಲಿ ಪ್ಯಾರಾಚೂಟಿನಿಂದ ಜೋತುಬಿದ್ದಿದ್ದನೆಂಬುದು ಅವರ ಇನ್ನೊಂದು ನೆನಪು.

ಪೆರೆಕ್ ಅವರು ಮಾಡಿದ ಕೆಲಸ ಮೆಚ್ಚತಕ್ಕದ್ದು. ಸುಳ್ಳೆಂದು ತಿಳಿದ ನೆನಪನ್ನು ಅಳಿಸಿಹಾಕಲಿಲ್ಲ. ಅದನ್ನು ಹಾಗೆಯೇ ಇಟ್ಟು, ಪಕ್ಕದಲ್ಲಿ ಅತ್ತೆಯ ಮಾತನ್ನೂ ಇಟ್ಟರು. ಹರೆಯದಲ್ಲಿ ತಂದೆತಾಯಿಗಳನ್ನು ಕುರಿತು ಬರೆದಿದ್ದ ಪುಟಗಳನ್ನು ಎತ್ತಿಕೊಂಡು, ತಮ್ಮ ಮಾತಿಗೆ ತಾವೇ ತಿದ್ದುಪಡಿಗಳ ಸಾಲನ್ನು ಕೆಳಗೆ ಬರೆಯುತ್ತ ಹೋದರು. ಇತಿಹಾಸದ ತರಗತಿಯಲ್ಲಿ ಶಾಸನವನ್ನು ಓದುವ ಶಿಸ್ತು ಇದೇ ಅಲ್ಲವೇ? ಕಲ್ಲು ಒಡೆದಲ್ಲಿ ಒಡೆದಿದೆ ಎಂದು ಬರೆಯಬೇಕು. ಅಕ್ಷರವನ್ನು ನಾವು ಕೆತ್ತಕೂಡದು.

ಅಕ್ಷರವನ್ನು ತಾನೇ ಕೆತ್ತಿದವನೊಬ್ಬನ ಕಥೆಯೂ ಇದೆ. ೧೯೯೫ರಲ್ಲಿ ಬಿನ್ಯಾಮಿನ್ ವಿಲ್ಕೊಮಿರ್ಸ್ಕಿ ಎಂಬ ಹೆಸರಿನಿಂದ ಒಂದು ಜರ್ಮನ್ ಪುಸ್ತಕ ಬಂದಿತು. ಎಳೆಯ ಮಗುವಾಗಿ ನಾಜಿಗಳ ಶಿಬಿರಗಳಲ್ಲಿ ಕಂಡುದರ ಚೂರು ಚೂರು ನೆನಪುಗಳೆಂದು ಅದು ಹೇಳಿಕೊಂಡಿತು. ಹಲವು ಭಾಷೆಗಳಿಗೆ ಅನುವಾದವಾಯಿತು, ಬಹುಮಾನಗಳನ್ನು ಪಡೆಯಿತು. ೧೯೯೮ರಲ್ಲಿ ಡೇನಿಯಲ್ ಗಾನ್ಸ್‌ಫ್ರೀಡ್ ಎಂಬ ಸ್ವಿಸ್ ಪತ್ರಿಕಾ ಲೇಖಕರು ವಿಚಾರಿಸಲಾಗಿ, ಬರೆದವನು ಸ್ವಿಟ್ಜರ್ಲೆಂಡಿನಲ್ಲೇ ಹುಟ್ಟಿ ದತ್ತು ಹೋಗಿದ್ದವನು, ಯೆಹೂದ್ಯನೂ ಅಲ್ಲ, ಶಿಬಿರವನ್ನು ಕಂಡವನೂ ಅಲ್ಲ ಎಂದು ಹೊರಬಿದ್ದಿತು. ಇತಿಹಾಸಕಾರ ಸ್ಟೀಫನ್ ಮೇಖ್ಲರ್ ಅವರ ಶೋಧನೆಯಿಂದ ಅದು ದೃಢವಾಗಿ, ೧೯೯೯ರಲ್ಲಿ ಪ್ರಕಾಶಕರು ಪುಸ್ತಕವನ್ನು ಹಿಂದಕ್ಕೆ ಪಡೆದರು. ಆ ಪುಸ್ತಕದಲ್ಲಿ ದೊಡ್ಡವನ ದನಿಗೆ ಎಡೆಯೇ ಇಲ್ಲವೆಂಬಷ್ಟು ಕಡಿಮೆ. ಮಗು ಕಂಡಿತು, ಮಗು ಅಂಜಿತು, ಮಗುವಿನ ನೆನಪನ್ನು ಪ್ರಶ್ನಿಸಕೂಡದು ಎಂಬ ಧೋರಣೆ. ಪೆರೆಕ್ ಅವರ ಅತ್ತೆಯಂಥವರು ಅಲ್ಲಿ ಬಾಯಿ ಹಾಕುವಂತಿಲ್ಲ. ಇದನ್ನು ಒಬ್ಬ ಲೇಖಕನ ಚಪಲವೆಂದು ತಳ್ಳಿಹಾಕುವಂತಿಲ್ಲ. ಅರವತ್ತು ಲಕ್ಷ ಯೆಹೂದ್ಯರ ಕೊಲೆಯೇ ನಡೆಯಲಿಲ್ಲವೆಂದು ಸಾಧಿಸಹೊರಟ ಜನ ಪ್ರಪಂಚದಲ್ಲಿದ್ದಾರೆ. ಒಂದು ಕಟ್ಟುಕಥೆ ಸಿಕ್ಕರೆ ಅವರು ಅದನ್ನು ಹಿಡಿದು ನಿಜವಾದ ನೂರು ಸಾಕ್ಷ್ಯಗಳ ಮೇಲೆ ಮಸಿ ಬಳಿಯುತ್ತಾರೆ. ಕೊಳೆತ ಸಾಸೇಜನ್ನು ಬಚ್ಚಿಟ್ಟ ಹುಡುಗಿಯ ಮಾತಿಗೂ ಆಗ ಸಂಶಯ ತಟ್ಟುತ್ತದೆ.

ಸತ್ಯವನ್ನೇ ಬರೆದರೂ ತೊಡಕು ತಪ್ಪಿದ್ದಲ್ಲ. ವಿಯೆನ್ನಾದಲ್ಲಿ ೧೯೩೧ರಲ್ಲಿ ಹುಟ್ಟಿ, ತಾಯಿಯೊಡನೆ ಆಷ್‌ವಿಟ್ಸ್ ಶಿಬಿರವನ್ನು ಕಂಡು ಬದುಕಿ ಉಳಿದ ರೂತ್ ಕ್ಲೂಗರ್ ಅವರು ಅಮೆರಿಕದಲ್ಲಿ ಪ್ರಾಧ್ಯಾಪಕರಾದರು. ತಮ್ಮ ಆತ್ಮಕಥನವನ್ನು ೧೯೯೨ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದಾಗ, ಅಮೆರಿಕದಲ್ಲಿದ್ದ ತಾಯಿ ಅದನ್ನು ನೋಡಲಾರರೆಂದು ಅವರು ನಂಬಿದ್ದರು. ತಾಯಿಯನ್ನು ಕುರಿತ ಕಹಿ ಮಾತುಗಳು ಅದರಲ್ಲಿ ಕಡಿಮೆಯಿರಲಿಲ್ಲ. ಪುಸ್ತಕ ತಾಯಿಯ ಕೈ ಸೇರಿತು. ಆಕೆ ಬಹಳ ನೊಂದುಕೊಂಡರು. ಆಮೇಲೆ ತಾಯಿ ತೀರಿಕೊಳ್ಳುವ ತನಕ ಮಗಳು ಇಂಗ್ಲಿಷ್ ಆವೃತ್ತಿಯನ್ನು ಹೊರತರಲಿಲ್ಲ. ೨೦೦೧ರಲ್ಲಿ ಅದು ಬಂದಾಗ ಬರಿಯ ಭಾಷಾಂತರವಾಗಿರದೆ ಹೊಸದಾಗಿ ಬರೆದ ಗ್ರಂಥವೇ ಆಗಿದ್ದಿತು; ಅದನ್ನು ತಾಯಿಯ ನೆನಪಿಗೆ ಅರ್ಪಿಸಿದರು. ಕಷ್ಟವನ್ನು ಒಟ್ಟಿಗೆ ಅನುಭವಿಸಿದ ಇಬ್ಬರಲ್ಲಿ ಬರೆಯಬಲ್ಲವರು ಒಬ್ಬರೇ ಆಗಿದ್ದರೆ, ಇನ್ನೊಬ್ಬರ ಪಾಲಿನ ಕಥೆ ಏನಾಗಬೇಕು? ಓದಿದವರು ಒಬ್ಬರೇ ಇರುವ ಮನೆಗಳಿಂದ ಬಂದ ನಮ್ಮಂಥವರು ಈ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು ಲೇಖನಿ ಹಿಡಿಯಬೇಕಾಗಿದೆ. ಕ್ಲೂಗರ್ ಅವರು ಮಾಡಿದುದು ಸರಿಯೇ ಎಂಬುದನ್ನು ನಾನು ಇನ್ನೂ ನಿರ್ಧರಿಸಿಲ್ಲ. ಸಹಪಾಠಿಗಳೊಡನೆ ಚರ್ಚಿಸುವ ಆಸೆಯಿದೆ.

ಸೀಗಲ್ ಅವರ ಗ್ರಂಥದ ಕೊನೆಯ ಪುಟವನ್ನು ಹೇಳಿ ಈ ಲೇಖನವನ್ನು ನಿಲ್ಲಿಸುತ್ತೇನೆ. ಇಂಗ್ಲೆಂಡಿನಲ್ಲಿ ಪದವಿ ಪಡೆದು, ಅಲ್ಲಿಂದ ಡೊಮಿನಿಕನ್ ಗಣರಾಜ್ಯದಲ್ಲಿ ಮೂರು ವರ್ಷ ಕಾದು, ೧೯೫೧ರಲ್ಲಿ ಅವರು ನ್ಯೂಯಾರ್ಕ್ ಸೇರಿದ್ದಾರೆ. ಈಗ ಸ್ವಂತ ಮನೆಯಿದೆ, ಮದುವೆಯಾಗಿದೆ, ಮಕ್ಕಳಿದ್ದಾರೆ. ಪತಿಯೂ ಯೆಹೂದ್ಯರೇ, ಆದರೆ ಅಮೆರಿಕದಲ್ಲಿ ಹುಟ್ಟಿದವರು. ಮನೆ ಮಠ ನೆಮ್ಮದಿ ಎಲ್ಲವೂ ಅವರಿಗೆ ಸಹಜವಾಗಿ ತೋರುತ್ತವೆ. ಹಿಟ್ಲರನು ವಿಯೆನ್ನಾಕ್ಕೆ ಬಂದಾಗ ತಾಯಿಗೆ ಎಷ್ಟು ವಯಸ್ಸಾಗಿತ್ತೋ ಹೆಚ್ಚುಕಡಿಮೆ ಅಷ್ಟೇ ವಯಸ್ಸು ಈಗ ಮಗಳಿಗೂ ಆಗಿದೆ. ತನ್ನ ಸೌಖ್ಯವೆಂಬ ಈ ದ್ವೀಪದ ಸುತ್ತಲೂ ವಿಪತ್ತಿನ ನೀರು ನಿಂತಿರುವುದು ಅವರಿಗೆ ಗೊತ್ತು. ತಮ್ಮದೇ ಮನೆಯ ನೆಲದ ಮೇಲೆ ಅವರು ಮೆಲ್ಲಗೆ, ಒಂದೊಂದೇ ಹೆಜ್ಜೆಯಿಟ್ಟು, ಬೆರಗಿನಿಂದ ನಡೆದಾಡುತ್ತಾರೆ.